‘ಟಕ್’ ಎಂದ ಮೇಲಿನ ಹತ್ತು ನಿಮಿಷ

ಕರಾವಳಿಯ ಒಂದು ಸಣ್ಣ ಊರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಮಳೆ ಬಿಟ್ಟು ನಾಲ್ಕು ದಿನವಾಗಿತ್ತು. ಹಲಸಿನ ಮರದ ನೆರಳಿನಲ್ಲಿ ಹಳೆಯ ಸಣ್ಣ ಕಾರೊಂದು ಬಾನೆಟ್ ತೆರೆದುಕೊಂಡು ನಿಂತಿತ್ತು. ಮನೆಯ ಯಜಮಾನರು ಹೈಸ್ಕೂಲ್ ಮಾಸ್ತರರು. ಮಗಳು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಎಂಜಿನ್ನಿನ ನೀರು ಕೆಲವು ದಿನಗಳಿಂದ ಹನಿಹನಿಯಾಗಿ ಸೋರುತ್ತಿತ್ತು. ಥರ್ಮೋಸ್ಟಾಟ್ ಕೂತಿರುವ ಪುಟ್ಟ ಅಲ್ಯೂಮಿನಿಯಂ ಮುಚ್ಚಳವನ್ನು ಬಿಚ್ಚಿ, ಒಳಗಿನ ಗ್ಯಾಸ್ಕೆಟ್ ಬದಲಾಯಿಸಿದರೆ ಸೋರಿಕೆ ನಿಲ್ಲುತ್ತದೆ. ಗ್ಯಾರೇಜಿಗೆ ಹೋಗಬೇಕಾದ ಕೆಲಸವೇನೂ ಅಲ್ಲ. ಮುಚ್ಚಳಕ್ಕೆ ಇರುವುದು ಎರಡೇ ಬೋಲ್ಟು. ಮರುದಿನ ಅಜ್ಜಿಯನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯಬೇಕಿತ್ತು. ಅಷ್ಟರೊಳಗೆ ಮುಗಿಸಿದರಾಯಿತು ಎಂಬುದು ಲೆಕ್ಕಾಚಾರ.

ಎಂಜಿನ್ ತಣ್ಣಗಿತ್ತು. ಕೂಲೆಂಟನ್ನು ಬಕೆಟ್ಟಿಗೆ ಇಳಿಸಿ ಆಗಿತ್ತು. ಹತ್ತನೇ ನಂಬರಿನ ಸ್ಪ್ಯಾನರನ್ನು ಮಗಳು ಮೊದಲ ಬೋಲ್ಟಿಗೆ ಹಾಕಿ ಎಳೆದಳು. ಅಲುಗಲಿಲ್ಲ. ಇನ್ನಷ್ಟು ಎಳೆದಳು. ಕಿರ್ ಎಂದಿತು, ಸ್ವಲ್ಪ ತಿರುಗಿತು. ಆಮೇಲೆ ಸದ್ದಿಲ್ಲದೆ, ರಬ್ಬರಿನಂತೆ ಮೆತ್ತಗೆ ಇನ್ನೂ ಸ್ವಲ್ಪ ತಿರುಗಿತು. ಬಂತು ಎಂದುಕೊಂಡಳು. ‘ಟಕ್’ ಎಂದಿತು. ಬೋಲ್ಟಿನ ತಲೆ ಸ್ಪ್ಯಾನರಿನೊಳಗೇ ಉಳಿದು ಕೈಗೆ ಬಂತು.

“ಅದೆಂತ ಮಾರಾಯ ಶಬ್ದ?” ಜಗಲಿಯಿಂದ ಅಜ್ಜಿ ಕೇಳಿದರು.

“ಅಪ್ಪಾ, ತುಂಡಾಯ್ತು.”

“ಎಂತ ತುಂಡಾಯ್ತು?”

“ಬೋಲ್ಟು. ನಾನೇ ಜೋರು ಎಳೆದದ್ದು.”

ಮನೆಯಲ್ಲಿ ಸ್ಪ್ಯಾನರ್ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಶಬ್ದ ಇದು. ಕೇಳಿದ ಕ್ಷಣದಲ್ಲಿ ಹೊಟ್ಟೆಯೊಳಗೆ ಏನೋ ಕುಸಿದಂತಾಗುತ್ತದೆ. ಆದರೆ ಆ ಕ್ಷಣಕ್ಕೆ ಆಗಿರುವ ನಷ್ಟ ಎಷ್ಟು? ಚಿಲ್ಲರೆ ಕಾಸಿನ ಒಂದು ಬೋಲ್ಟು, ಅಷ್ಟೇ. ಅದು ಬೋಲ್ಟಿಗೇ ಮುಗಿಯುತ್ತದೆಯೋ, ಸಾವಿರಾರು ರೂಪಾಯಿಯ ಸಿಲಿಂಡರ್ ಹೆಡ್ಡಿನವರೆಗೆ ಹೋಗುತ್ತದೆಯೋ ಎಂಬುದು ಇತ್ಯರ್ಥವಾಗುವುದು ಆಮೇಲಿನ ಹತ್ತು ನಿಮಿಷಗಳಲ್ಲಿ. ಸಿಟ್ಟು, ನಾಚಿಕೆ, ನಾಳೆ ಕಾರು ಬೇಕೆಂಬ ಅವಸರ ಎಲ್ಲವೂ ಒಟ್ಟಿಗೆ ಕೈಗೆ ಇಳಿಯುವ ಹೊತ್ತು ಅದು. ಉಳಿ, ಸುತ್ತಿಗೆ, ಡ್ರಿಲ್ಲು ಹೊರಬರುವುದೂ ಆಗಲೇ.

ಮಾಸ್ತರರು ಬೈಯಲು ಬಾಯಿ ತೆರೆದವರು, ಏನನ್ನೋ ಯೋಚಿಸಿ ಸುಮ್ಮನಾದರು. “ಇನ್ನೊಂದನ್ನು ಮುಟ್ಟಬೇಡ” ಎಂದಷ್ಟೇ ಹೇಳಿದರು. ಅಂದಿನ ಮಟ್ಟಿಗೆ ಅದು ಬಹಳ ಒಳ್ಳೆಯ ಮಾತು.

ಬೋಲ್ಟು ಒಂದು ಸ್ಪ್ರಿಂಗ್!

ಬೋಲ್ಟು ಎಂದರೆ ಎರಡು ವಸ್ತುಗಳನ್ನು ಪೋಣಿಸಿ ಹಿಡಿಯುವ ಒಂದು ಗೂಟ ಎಂದು ಹಲವರು ತಿಳಿದಿರುತ್ತಾರೆ. ಅದು ನಿಜವಾಗಿ ಒಂದು ಸ್ಪ್ರಿಂಗ್. ಬಿಗಿಸಿದಾಗ ಅದು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ಮೊದಲಿನ ಉದ್ದಕ್ಕೆ ಮರಳಲು ತವಕಿಸುತ್ತದೆ. ಆ ತವಕವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವ ಬಲ. ರಬ್ಬರ್ ಬ್ಯಾಂಡ್ ಕಾಗದದ ಸುರುಳಿಯನ್ನು ಹಿಡಿಯುವುದೂ ಹೀಗೆಯೇ.

ಹತ್ತನೇ ನಂಬರಿನ ಸ್ಪ್ಯಾನರ್ ಹಿಡಿಯುವುದು ಸಾಮಾನ್ಯವಾಗಿ ಆರು ಮಿಲಿಮೀಟರ್ ಬೋಲ್ಟನ್ನು. ಪೆನ್ಸಿಲಿಗಿಂತ ಸ್ವಲ್ಪ ಸಣ್ಣದು. ಎಂಜಿನ್ನುಗಳಲ್ಲಿ ಬಳಸುವ ಗಟ್ಟಿ ಉಕ್ಕಿನ ಇಂಥ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ತಿರುಚು ಸಾಕು. ಅಂದರೆ 15 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಹೆಚ್ಚುಕಡಿಮೆ 7 ಕಿಲೋ ಭಾರದಷ್ಟು ಎಳೆತ. ಇಷ್ಟರಿಂದ ಬೋಲ್ಟಿನೊಳಗೆ ಹುಟ್ಟುವ ಬಿಗಿತ ಎಷ್ಟು ಗೊತ್ತೇ? ಸುಮಾರು 850 ಕಿಲೋ! ಸಣ್ಣ ಕಾರೊಂದನ್ನೇ ನೇತುಹಾಕಿದಂತೆ. ಇಷ್ಟು ಭಾರಕ್ಕೆ ಮೂರು ಸೆಂಟಿಮೀಟರ್ ಉದ್ದದ ಬೋಲ್ಟು ಹಿಗ್ಗುವುದು ಮಾತ್ರ ಒಂದು ತಲೆಗೂದಲಿನ ದಪ್ಪದಷ್ಟು.

ಇನ್ನೊಂದು ವಿಚಿತ್ರವಿದೆ. ಬೋಲ್ಟನ್ನು ಬಿಗಿಸಲು ಹತ್ತು ಪಾಲು ಶ್ರಮಪಟ್ಟರೆ ಸುಮಾರು ಐದು ಪಾಲು ಅದರ ತಲೆಯಡಿಯ ಘರ್ಷಣೆಗೆ ಹೋಗುತ್ತದೆ. ನಾಲ್ಕು ಪಾಲು ಥ್ರೆಡ್‌ಗಳ ನಡುವಿನ ಘರ್ಷಣೆಗೆ. ನಿಜವಾದ ಬಿಗಿತವಾಗುವುದು ಉಳಿದ ಒಂದೇ ಪಾಲು. ಅಂದ ಮೇಲೆ ಘರ್ಷಣೆ ಸ್ವಲ್ಪ ಹೆಚ್ಚಾದರೂ ಲೆಕ್ಕ ತಲೆಕೆಳಗಾಗುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದಾಗ ಆ ತುಕ್ಕು ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಥ್ರೆಡ್‌ಗಳ ನಡುವೆ ಅಷ್ಟು ಜಾಗ ಎಲ್ಲಿದೆ? ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ಮಿನೊಳಗೆ ಕೂತಿದ್ದರೆ ಅವಾಂತರ ಇನ್ನೂ ಒಂದು. ಎರಡು ಬೇರೆ ಲೋಹ, ನಡುವೆ ಉಪ್ಪಿನ ತೇವ: ಪಿಯುಸಿ ಪುಸ್ತಕದ ವಿದ್ಯುತ್ಕೋಶ ಸಿದ್ಧವಾಯಿತು. ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಸಂದಿಯನ್ನು ತುಂಬುತ್ತದೆ. ಕರಾವಳಿಯ ಕಾರುಗಳಿಗೆ ಈ ಕಾಟ ಸ್ವಲ್ಪ ಜಾಸ್ತಿಯೇ.

ಮುರಿಯುವುದು ಹೆಚ್ಚಾಗಿ ಸಣ್ಣ ಬೋಲ್ಟುಗಳೇ. ದುಂಡು ಸರಳಿನ ವ್ಯಾಸ ಇಮ್ಮಡಿಯಾದರೆ ತಿರುಚನ್ನು ತಡೆಯುವ ಶಕ್ತಿ ಎಂಟು ಪಟ್ಟಾಗುತ್ತದೆ. ವ್ಯಾಸ ಅರ್ಧಕ್ಕಿಳಿದರೆ ಶಕ್ತಿ ಎಂಟರಲ್ಲಿ ಒಂದು ಪಾಲು. ಆದರೆ ಎಳೆಯುವ ಕೈ ಅದೇ ಕೈ. ಇದಕ್ಕಾಗಿಯೇ ಸಣ್ಣ ನಂಬರಿನ ಸ್ಪ್ಯಾನರುಗಳನ್ನು ಗಿಡ್ಡವಾಗಿ ಮಾಡಿರುತ್ತಾರೆ. ಆ ಗಿಡ್ಡ ಸ್ಪ್ಯಾನರಿಗೆ ಕಬ್ಬಿಣದ ಪೈಪು ತೂರಿಸಿ ಉದ್ದ ಮಾಡಿಕೊಳ್ಳುವ ಜಾಣರು ಎಲ್ಲ ಊರಲ್ಲೂ ಇದ್ದಾರೆ. ಸ್ಪ್ಯಾನರ್ ಮಾಡಿದವನಿಗೆ ಉಕ್ಕು ಸಾಲದೆ ಗಿಡ್ಡವಾಯಿತು ಎಂದು ಅವರು ತಿಳಿದಂತಿದೆ.

ಆ ಮಗಳು ಕಂಡ ‘ರಬ್ಬರಿನಂತೆ ಮೆತ್ತಗೆ’ ಎಂಬ ಅನುಭವವಿದೆಯಲ್ಲ, ಅದು ಬೋಲ್ಟು ಕೊಡುವ ಕೊನೆಯ ಎಚ್ಚರಿಕೆ. ತುಕ್ಕು ಹಿಡಿದ ಬೋಲ್ಟು ಬಿಚ್ಚಿಕೊಳ್ಳುವಾಗ ಕಿರಗುಟ್ಟುತ್ತದೆ. ಸದ್ದು ನಿಂತು, ಬಿಗಿಯೂ ಇಲ್ಲ ಸಡಿಲವೂ ಇಲ್ಲ ಎಂಬಂತೆ ತಿರುಗತೊಡಗಿದರೆ, ತಿರುಗುತ್ತಿರುವುದು ತಲೆ ಮಾತ್ರ. ಕೆಳಗಿನ ಭಾಗ ಅಲ್ಲೇ ಕೂತಿರುತ್ತದೆ, ನಡುವಿನ ಉಕ್ಕು ಹಸಿ ಬೆತ್ತದಂತೆ ತಿರುಚಿಕೊಳ್ಳುತ್ತಿರುತ್ತದೆ. ಅಲ್ಲಿಯೇ ಕೈ ತಡೆದು, ತುಸು ಬಿಗಿಸುವ ದಿಕ್ಕಿಗೆ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ತುಸು ಸಡಿಲಿಸುವ ದಿಕ್ಕಿಗೆ, ಹೀಗೆ ಹಿಂದೆ ಮುಂದೆ ಆಡಿಸಿದರೆ ಎಷ್ಟೋ ಬೋಲ್ಟುಗಳು ಉಳಿಯುತ್ತವೆ. ದಿಕ್ಕಿನ ವಿಷಯ ಬಂತಲ್ಲ, ಬಾನೆಟ್ಟಿನೊಳಗೆ ಬಗ್ಗಿ, ಹಿಂಬದಿಯಿಂದ ಕೈ ತೂರಿಸಿ ಕೆಲಸ ಮಾಡುವಾಗ ಬಿಚ್ಚುತ್ತಿದ್ದೇನೆಂದು ಬಿಗಿಸಿ ಮುರಿದವರೂ ಕಡಿಮೆಯಿಲ್ಲ. ಬಲಗೈ ಹೆಬ್ಬೆರಳನ್ನು ಬೋಲ್ಟು ಹೊರಬರಬೇಕಾದ ಕಡೆಗೆ ಚಾಚಿ ಉಳಿದ ಬೆರಳುಗಳನ್ನು ಮಡಚಿ. ಬೆರಳು ಮಡಚಿದ ದಿಕ್ಕಿಗೆ ತಿರುಗಿಸಬೇಕು. ಭೌತಶಾಸ್ತ್ರದ ಬಲಗೈ ನಿಯಮ ಪರೀಕ್ಷೆಯಿಂದಾಚೆ ಉಪಯೋಗಕ್ಕೆ ಬರುವ ಅಪರೂಪದ ಜಾಗ ಇದು.

ಮುಂದೇನು?

ಮೊದಲು ಸ್ಪ್ಯಾನರ್ ಕೆಳಗಿಡಬೇಕು. ಕೈ ಒರೆಸಿಕೊಳ್ಳಬೇಕು. ಒಂದು ಟಾರ್ಚು ತಂದು ನೋಡಬೇಕು: ಉಳಿದ ತುಂಡು ಹೊರಗೆ ಚಾಚಿಕೊಂಡಿದೆಯೇ, ಮಟ್ಟಸವಾಗಿ ಮುರಿದಿದೆಯೇ, ಒಳಗೇ ಹುದುಗಿದೆಯೇ? ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ನಾಳೆ ಮೆಕ್ಯಾನಿಕ್‌ಗೆ ತೋರಿಸಲು ಅನುಕೂಲ. ಮುರಿದ ತಲೆಯನ್ನು ಎಸೆಯಬಾರದು. ಅದು ಮಾತನಾಡುತ್ತದೆ, ಹೇಗೆಂಬುದು ಮುಂದೆ ಬರುತ್ತದೆ. ಬಕೆಟ್ಟಿನ ಕೂಲೆಂಟನ್ನು ಮುಚ್ಚಿಡಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ಅಂಗಳದ ನಾಯಿಗೂ ಮನೆಯ ಮಗುವಿಗೂ ಅದು ಸಿಗಕೂಡದು.

ಇಲ್ಲಿ ಒಂದು ಸಮಾಧಾನದ ಸಂಗತಿಯಿದೆ. ತಲೆ ಹಾರಿದ ಕ್ಷಣದಲ್ಲಿ ಬೋಲ್ಟಿನ ಆ 850 ಕಿಲೋ ಬಿಗಿತವೂ ಹಾರಿಹೋಯಿತು. ತಲೆಯಡಿಯ ಘರ್ಷಣೆಯೂ ಇಲ್ಲ. ಉಳಿದ ತುಂಡನ್ನು ಈಗ ಹಿಡಿದಿರುವುದು ತುಕ್ಕು ಮತ್ತು ಪುಡಿ ಮಾತ್ರ. ನೋಡಲು ಭಯಂಕರವಾದರೂ ಅದು ಅರ್ಧ ಸೋತ ಎದುರಾಳಿ. ಅದಕ್ಕೆ ಬೇಕಾದದ್ದು ಬಲಕ್ಕಿಂತ ಹೆಚ್ಚಾಗಿ ಸಮಯ.

ಸಮಯ ಎಂದರೆ ಎಣ್ಣೆಗೆ ಕೊಡುವ ಸಮಯ. ತುಕ್ಕು ಬಿಡಿಸುವ ತೆಳು ಎಣ್ಣೆಗಳು ಹಾರ್ಡ್‌ವೇರ್ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಸಿಗುತ್ತವೆ. ಸಪುರ ಕೊಳವೆಯಲ್ಲಿ ನೀರು ತಾನಾಗಿ ಏರುವಂತೆ ಈ ಎಣ್ಣೆ ಥ್ರೆಡ್‌ಗಳ ಸಂದಿಗೆ ಇಳಿಯುತ್ತದೆ. ಇದಕ್ಕೆ ಅದು ತೆಳುವಾಗಿರಬೇಕು. ಕರಾವಳಿಯ ಮನೆಗಳಲ್ಲಿ ಎಲ್ಲದಕ್ಕೂ ಮೊದಲು ನೆನಪಾಗುವ ತೆಂಗಿನೆಣ್ಣೆ ಇಲ್ಲಿ ಉಪಯೋಗಕ್ಕೆ ಬಾರದು. ಅದು ಮಂದ, 24 ಡಿಗ್ರಿಗಿಂತ ಕೆಳಗೆ ಗಟ್ಟಿಯೇ ಆಗಿಬಿಡುತ್ತದೆ. ಹಿಂದಿನ ಮೆಕ್ಯಾನಿಕ್‌ಗಳು ಸೀಮೆಎಣ್ಣೆ ಬಿಡುತ್ತಿದ್ದುದರಲ್ಲಿ ಅರ್ಥವಿತ್ತು. ಯಾವುದೇ ಆಗಲಿ, ಬೆಂಕಿಯನ್ನು ದೂರವಿಟ್ಟು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹನಿಸಿ, ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಒಂದೆರಡು ದಿನ ಬಿಡಬೇಕು. ಆ ತಟ್ಟುವಿಕೆಯಿಂದ ತುಕ್ಕಿನಲ್ಲಿ ಸಣ್ಣ ಬಿರುಕುಗಳು ಮೂಡಿ ಎಣ್ಣೆಗೆ ದಾರಿಯಾಗುತ್ತದೆ.

ಮಾಸ್ತರರ ಮನೆಯಲ್ಲಿ ನಡೆದದ್ದು ಇದೇ. ಸೋಮವಾರ ಕಾರು ಹೊರಡುವಂತಿರಲಿಲ್ಲ. ಸಂಕೋಚದಿಂದ ಅಜ್ಜಿಗೆ ಹೇಳಿದರೆ, “ಬಸ್ಸಲ್ಲಿ ಹೋದ್ರೆ ಡಾಕ್ಟ್ರಿಗೆ ನನ್ನ ಕಣ್ಣು ಕಾಣುದಿಲ್ವಾ?” ಎಂದು ಅವರು ಛತ್ರಿ ಹುಡುಕಿಕೊಂಡರು. ಅಜ್ಜಿಯನ್ನು ಕರೆದುಕೊಂಡು ಬಂದ ಮೇಲೆ, ರಾತ್ರಿ ಎರಡನೆಯ ಬೋಲ್ಟನ್ನು ತಂದೆ ಮಗಳು ಹಿಂದೆ ಮುಂದೆ ಆಡಿಸುತ್ತ ಮುಕ್ಕಾಲು ಗಂಟೆಯಲ್ಲಿ ಬಿಚ್ಚಿದರು. ಒಂದು ಬೋಲ್ಟಿಗೆ ಮುಕ್ಕಾಲು ಗಂಟೆ! ಮುಚ್ಚಳವನ್ನು ಮರದ ತುಂಡಿಟ್ಟು ತಟ್ಟಿ ಎಬ್ಬಿಸಿದಾಗ, ಮುರಿದ ಬೋಲ್ಟಿನ ಉಳಿದ ಭಾಗ ಸುಮಾರು ಎಂಟು ಮಿಲಿಮೀಟರ್ ಮೇಲಕ್ಕೆ ನಿಂತಿರುವುದು ಕಂಡಿತು. ತಲೆಯ ಬುಡದಲ್ಲೇ ಮುರಿದದ್ದರಿಂದ ಹಿಡಿಯಲು ಇಷ್ಟು ಉಳಿದಿತ್ತು. ಒಳಗಿನ ಮೊದಲ ಥ್ರೆಡ್‌ನಲ್ಲಿ ಮುರಿದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಮುರಿದ ತಲೆ ಹೇಳಿದ್ದು

ಮಂಗಳವಾರ ಸಂಜೆ ಮಾಸ್ತರರು ಮಗಳೊಂದಿಗೆ ರಸ್ತೆ ತುದಿಯ ಗ್ಯಾರೇಜಿಗೆ ಹೋದರು. ಕಾಗದದಲ್ಲಿ ಸುತ್ತಿದ್ದ ಬೋಲ್ಟಿನ ತಲೆಯನ್ನು ವಯಸ್ಸಾದ ಮೆಕ್ಯಾನಿಕ್ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಮಾಸ್ಟ್ರೇ, ಇದು ಭಾನುವಾರ ತುಂಡಾದದ್ದಲ್ಲ. ಭಾನುವಾರ ಬಿದ್ದದ್ದು, ಅಷ್ಟೇ.”

ಮುರಿದ ಮುಖದ ಮೂರರಲ್ಲಿ ಎರಡು ಪಾಲು ಕಪ್ಪಾಗಿತ್ತು. ಒಂದು ಬದಿಯ ಸಣ್ಣ ಭಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಹೊಸದಾಗಿ ಮುರಿದ ಉಕ್ಕು ಬೂದು ಬಿಳುಪಾಗಿ ಹೊಳೆಯುತ್ತದೆ. ಕಪ್ಪಾಗಿದ್ದರೆ ಅಲ್ಲಿ ಬಿರುಕು ಬಹುಕಾಲದಿಂದ ಇತ್ತು, ನೀರು ಗಾಳಿ ಒಳಹೊಕ್ಕಿತ್ತು ಎಂದರ್ಥ. ರೈಲ್ವೆ ಅಪಘಾತವಿರಲಿ, ವಿಮಾನ ಅಪಘಾತವಿರಲಿ, ತನಿಖೆ ಮಾಡುವ ಎಂಜಿನಿಯರುಗಳು ಮುರಿದ ಲೋಹದ ಮುಖವನ್ನು ಮೊದಲು ನೋಡುವುದು ಇದಕ್ಕಾಗಿಯೇ. ಆ ಮೆಕ್ಯಾನಿಕ್ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ. ನಲವತ್ತು ವರ್ಷದ ಕಣ್ಣಿತ್ತು.

“ಯಾರೋ ಹಿಂದೆ ಸಿಕ್ಕಾಪಟ್ಟೆ ಬಿಗಿ ಮಾಡಿದ್ದಾರೆ. ಆಗಲೇ ಅರ್ಧ ಸೀಳಿದೆ. ಸೋರಿದ ನೀರು ಉಳಿದದ್ದನ್ನು ತಿಂದಿದೆ.”

ವಾಪಸು ಬರುವಾಗ ದಾರಿಯಲ್ಲಿ ಮಾಸ್ತರರು ಸ್ವಲ್ಪ ದೂರ ಮಾತಾಡಲಿಲ್ಲ. ಆಮೇಲೆ ಹೇಳಿದರು: “ಹೋದ ವರ್ಷ ಮೊದಲು ನೀರು ಸೋರಿದಾಗ ಗ್ಯಾಸ್ಕೆಟ್ ತೆಗೆಯುವ ಉದಾಸೀನಕ್ಕೆ ಪೈಪ್ ಹಾಕಿ ಬಿಗಿ ಮಾಡಿದ್ದು ನಾನೇ.”

ಮಗಳು ಕೇಳಿದಳು: “ಎಷ್ಟು ಉದ್ದದ ಪೈಪು?”

ಒಂದು ಮೊಳಕ್ಕಿಂತ ಹೆಚ್ಚಿತ್ತಂತೆ. ಮನೆಗೆ ಬಂದು ಅವಳು ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಅರ್ಧ ಮೀಟರ್ ಪೈಪಿನ ತುದಿಯನ್ನು 10 ಕಿಲೋ ಭಾರದಷ್ಟು ಎಳೆದರೂ ಸುಮಾರು 50 ನ್ಯೂಟನ್ ಮೀಟರ್. ಬೇಕಾದದ್ದರ ಐದು ಪಟ್ಟು. ಅಷ್ಟು ಎಳೆದಿದ್ದರೆ ಬೋಲ್ಟು ಆ ದಿನವೇ ಹೋಗಬೇಕಿತ್ತು. ಅಪ್ಪ ಅರ್ಧದಲ್ಲಿ ನಿಲ್ಲಿಸಿರಬೇಕು.

ಬುಧವಾರ ಅದು ಹೊರಬಂತು. ಮೆಕ್ಯಾನಿಕ್ ಹೇಳಿಕೊಟ್ಟ ಉಪಾಯ ಸರಳವಾಗಿತ್ತು. ಗ್ಯಾರೇಜಿನಲ್ಲಾದರೆ ಜ್ವಾಲೆ ಹಿಡಿಯುತ್ತಾರೆ. ಪೆಟ್ರೋಲ್ ಪೈಪು ಹತ್ತಿರವಿರುವ ಎಂಜಿನ್ನಿಗೆ ಮನೆಯಲ್ಲಿ ಅದು ಬೇಡ, ಕುದಿಯುವ ನೀರು ಸಾಕು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 60 ಡಿಗ್ರಿ ಬಿಸಿಯೇರಿದರೆ ಆರು ಮಿಲಿಮೀಟರಿನ ತೂತು ಬೋಲ್ಟಿಗಿಂತ ಒಂದು ಮಿಲಿಮೀಟರಿನ ಸಾವಿರದ ನಾಲ್ಕು ಪಾಲು ಹೆಚ್ಚು ಹಿಗ್ಗೀತು. ಅದೇನು ಮಹಾ ಎನಿಸಬಹುದು. ತುಕ್ಕಿನ ಹಿಡಿತ ಬಿರುಕುಬಿಡಲು ಕೆಲವೊಮ್ಮೆ ಅಷ್ಟೇ ಸಾಕು. ಬಚ್ಚಲ ಒಲೆಯಿಂದ ಕುದಿನೀರು ತಂದು ಬೋಲ್ಟಿನ ಸುತ್ತ ಎರೆದರು. ತಣಿಯಲು ಬಿಟ್ಟರು. ಎಣ್ಣೆ ಹನಿಸಿದರು. ಮತ್ತೆ ಎರೆದರು. ಮೂರನೆಯ ಸಲಕ್ಕೆ ವೈಸ್ ಗ್ರಿಪ್ ಕಚ್ಚಿಸಿ ಮಗಳು ಮೊದಲು ಬಿಗಿಸುವ ದಿಕ್ಕಿಗೆ ಒಂದಿಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ ಒಂದಿಷ್ಟು ಒತ್ತಿದಳು. ಕಿರ್ ಎಂದಿತು. ಈ ಸಲ ಸದ್ದು ನಿಲ್ಲಲಿಲ್ಲ.

ಹಿಡಿಯಲು ಏನೂ ಉಳಿಯದಿದ್ದರೆ?

ಮಟ್ಟಸವಾಗಿ ಮುರಿದ ಬೋಲ್ಟಿಗೆ ಬೇರೆ ದಾರಿಗಳಿವೆ. ಅವುಗಳಲ್ಲಿ ಮನೆಯಲ್ಲಿ ಮಾಡತಕ್ಕವು ಕಡಿಮೆ. ವೆಲ್ಡಿಂಗ್ ಅಂಗಡಿಯವರು ಮುರಿದ ತುಂಡಿನ ಮೇಲೆ ಒಂದು ನಟ್ಟನ್ನಿಟ್ಟು ಅದರ ತೂತಿನೊಳಗೇ ವೆಲ್ಡ್ ತುಂಬುತ್ತಾರೆ. ಬೋಲ್ಟಿಗೆ ಹೊಸ ತಲೆಯೂ ಬಂತು, ಕಾವಿಗೆ ತುಕ್ಕೂ ಸಡಿಲಿತು. ಇದು ಹಳೆಯ, ನೆಚ್ಚಬಹುದಾದ ಉಪಾಯ. ಅದಕ್ಕೆ ಮೊದಲು ಬ್ಯಾಟರಿಯ ವೈರು ಬಿಚ್ಚಿಸಲು ಮರೆಯಬಾರದು.

ಡ್ರಿಲ್ ಹಿಡಿಯುವವರು ಎರಡು ಸಲ ಯೋಚಿಸಬೇಕು. ಉಕ್ಕಿನ ಸುತ್ತ ಇರುವುದು ಮೆತ್ತನೆಯ ಅಲ್ಯೂಮಿನಿಯಂ. ಬಿಟ್ಟು ಒಂದು ಕೂದಲಷ್ಟು ಓರೆಯಾದರೂ ಗಟ್ಟಿ ಉಕ್ಕನ್ನು ಬಿಟ್ಟು ಮೆದುವಿನ ಕಡೆಗೆ ಜಾರುತ್ತದೆ, ಹೆಡ್ಡನ್ನೇ ಕೊರೆಯುತ್ತದೆ. ಸೆಂಟರ್ ಪಂಚಿನಿಂದ ನಟ್ಟನಡುವೆ ಗುರುತು ಹೊಡೆದು, ಸಣ್ಣ ಬಿಟ್ಟಿನಿಂದ ನಿಧಾನವಾಗಿ, ಕಣ್ಣಿಗೆ ಕನ್ನಡಕ ಹಾಕಿ ಕೊರೆಯಬೇಕು. ಎಡಕ್ಕೆ ತಿರುಗುವ ಬಿಟ್ಟುಗಳೂ ಸಿಗುತ್ತವೆ. ಕೊರೆಯುತ್ತಿರುವಾಗಲೇ ಬೋಲ್ಟು ತಾನಾಗಿ ಬಿಚ್ಚಿಕೊಂಡು ಬಂದರೂ ಬಂದೀತು.

ಕೊರೆದ ತೂತಿಗೆ ತೂರಿಸಿ ಎಡಕ್ಕೆ ತಿರುಗಿಸುವ ‘ಎಕ್ಸ್‌ಟ್ರಾಕ್ಟರ್’ ಎಂಬ ಉಪಕರಣಕ್ಕೆ ಗ್ಯಾರೇಜುಗಳಲ್ಲಿ ಈಜಿ-ಔಟ್ ಎಂದು ಹೆಸರು. ಹೆಸರಿನಷ್ಟು ಸುಲಭವಲ್ಲ! ಅದನ್ನು ಬಹಳ ಗಡುಸಾದ ಉಕ್ಕಿನಿಂದ ಮಾಡಿರುತ್ತಾರೆ. ಗಡುಸಾದದ್ದು ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಆರು ಮಿಲಿಮೀಟರ್ ಬೋಲ್ಟನ್ನೇ ಮುರಿದ ಕೈ, ಅದರೊಳಗೆ ಹೋಗುವ ಮೂರು ಮಿಲಿಮೀಟರ್ ಎಕ್ಸ್‌ಟ್ರಾಕ್ಟರನ್ನು ಬಿಟ್ಟೀತೇ? ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ಟು ಅದರ ಮೇಲೆ ಗೀರನ್ನೂ ಎಳೆಯಲಾರದು. ಚಿಲ್ಲರೆ ಬೋಲ್ಟಿನ ನಷ್ಟ ಸಿಲಿಂಡರ್ ಹೆಡ್ಡಿಗೆ ಏರುವುದು ಹೆಚ್ಚಾಗಿ ಇಲ್ಲಿ.

ಹಾಗೆಂದು ಅಲ್ಲಿಗೂ ದಾರಿ ಮುಚ್ಚಿಲ್ಲ. 1943ರಲ್ಲಿ ಮಹಾಯುದ್ಧದ ನಡುವೆ ಸೋವಿಯತ್ ಒಕ್ಕೂಟದಲ್ಲಿ ಬೋರಿಸ್ ಮತ್ತು ನತಾಲ್ಯಾ ಲಜರೆಂಕೊ ಎಂಬ ವಿಜ್ಞಾನಿ ದಂಪತಿಗಳು ಒಂದು ತಲೆನೋವನ್ನು ಬಗೆಹರಿಸಲು ಕೂತಿದ್ದರು. ವಿದ್ಯುತ್ ಸ್ವಿಚ್ಚುಗಳ ಟಂಗ್‌ಸ್ಟನ್ ತುದಿಗಳು ಕಿಡಿ ಹಾರಿ ಸವೆಯುತ್ತಿದ್ದವು. ಸವೆತ ತಡೆಯಲು ಅವುಗಳನ್ನು ಎಣ್ಣೆಯಲ್ಲಿ ಮುಳುಗಿಸಿ ನೋಡಿದರು. ಸವೆತ ನಿಲ್ಲಲಿಲ್ಲ, ಆದರೆ ಕ್ರಮಬದ್ಧವಾಯಿತು. ನಿಲ್ಲಿಸಲಾಗದ ಸವೆತವನ್ನೇ ಕೆಲಸಕ್ಕೆ ಹಚ್ಚಿದರೆ? ಹೀಗೆ ಹುಟ್ಟಿತು ಕಿಡಿಯಿಂದ ಲೋಹ ಕೊರೆಯುವ ವಿದ್ಯೆ. ಕಿಡಿಗೆ ಲೋಹ ಗಡುಸೋ ಮೆದುವೋ ಎಂಬ ಭೇದವಿಲ್ಲ. ಅದೇ ದಶಕದಲ್ಲಿ ಅಮೆರಿಕದಲ್ಲಿ ಬೇರೆಯವರು ಕಿಡಿಯನ್ನು ಬಳಸತೊಡಗಿದ್ದು ತೂತುಗಳೊಳಗೆ ಮುರಿದು ಕೂತ ಡ್ರಿಲ್ಲು, ಟ್ಯಾಪುಗಳನ್ನು ತೆಗೆಯುವುದಕ್ಕೇ! ಈಗ ‘ಸ್ಪಾರ್ಕ್ ಎರೋಷನ್’ ಯಂತ್ರಗಳು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಟೂಲ್ ರೂಮುಗಳಲ್ಲಿವೆ. ಡೆನ್ಮಾರ್ಕಿನ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಈಗ ರಾಜ್ಯದ ಹಲವು ಊರುಗಳಲ್ಲಿದೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳು ಅಚ್ಚು ಮತ್ತು ಉಪಕರಣ ತಯಾರಿಕೆಯ ಡಿಪ್ಲೊಮಾ ಓದುತ್ತ ಇಂಥ ಯಂತ್ರಗಳನ್ನು ನಡೆಸಲು ಕಲಿಯುತ್ತಾರೆ. ಮನೆಯಲ್ಲಿ ಸ್ಪ್ಯಾನರ್ ಬಿಡದ ಮಗುವಿದ್ದರೆ ತಂದೆ ತಾಯಿ ಒಮ್ಮೆ ವಿಚಾರಿಸಬಹುದು.

ಬೋಲ್ಟು ಬಂದರೂ ಥ್ರೆಡ್ ಕೆಟ್ಟಿದ್ದರೆ ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊಯ್ದು, ಸ್ಟೇನ್‌ಲೆಸ್ ತಂತಿಯ ಸುರುಳಿಯೊಂದನ್ನು ಕೂರಿಸುತ್ತಾರೆ. ಹಳೆಯ ಅಳತೆಯ ಬೋಲ್ಟೇ ಅದರಲ್ಲಿ ಕೂರುತ್ತದೆ. ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಇದು ಮೂಲಕ್ಕಿಂತ ಗಟ್ಟಿಯಾಗುವುದೂ ಉಂಟು. ಬ್ರೇಕು, ಸ್ಟಿಯರಿಂಗು, ಚಕ್ರ, ಸೀಟ್ ಬೆಲ್ಟ್, ಇವುಗಳ ಬೋಲ್ಟು ಮುರಿದರೆ ಮಾತ್ರ ಯಾವ ಪ್ರಯೋಗವೂ ಬೇಡ. ಆ ಕಾರು ಗ್ಯಾರೇಜಿಗೆ ಹೋಗಬೇಕು, ಎಳೆಸಿಕೊಂಡು.

ಹೊಸ ಬೋಲ್ಟು ತರುವಾಗ ಕಣ್ಣಳತೆಯನ್ನು ನಂಬಬಾರದು. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಲಗಾಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂದಿನ ಗಾಜೊಂದು ಆಕಾಶದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಸೊಂಟದವರೆಗೆ ಹೊರಗೆ ಸೆಳೆಯಲ್ಪಟ್ಟರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡಿದ್ದರು. ಸಹ ಪೈಲಟ್ ಸೌತಾಂಪ್ಟನ್ನಿನಲ್ಲಿ ವಿಮಾನ ಇಳಿಸಿದರು. ಲ್ಯಾಂಕಾಸ್ಟರ್ ಬದುಕಿದರು. ಹಾರಾಟಕ್ಕೆ ಸ್ವಲ್ಪ ಮೊದಲು ಆ ಗಾಜು ಬದಲಾಯಿಸಿದಾಗ ಹಳೆಯ ಬೋಲ್ಟಿನ ಪಕ್ಕ ಹಿಡಿದು, ಕಣ್ಣಂದಾಜಿನಿಂದ ಹೊಸ ಬೋಲ್ಟು ಆರಿಸಲಾಗಿತ್ತು. 90 ಬೋಲ್ಟುಗಳಲ್ಲಿ 84ರ ವ್ಯಾಸ ಒಂದು ಮಿಲಿಮೀಟರಿನ ಮೂರನೇ ಎರಡು ಪಾಲಿನಷ್ಟು ಕಡಿಮೆಯಿತ್ತು.

ಮಾಸ್ತರರ ಮಗಳು ಗುರುವಾರ ಅಂಗಡಿಗೆ ಒಯ್ದದ್ದು ಮುರಿಯದ ಬೋಲ್ಟನ್ನು, ಜೊತೆಗೆ ಒಂದು ನಟ್ಟನ್ನು. ಹಳೆಯ ಬೋಲ್ಟಿಗೆ ಕೊನೆಯವರೆಗೆ ಸಲೀಸಾಗಿ ಓಡಿದ ನಟ್ಟು ಹೊಸದಕ್ಕೂ ಹಾಗೆಯೇ ಓಡಬೇಕು, ಅಲುಗಾಡಲೂಬಾರದು. ಉದ್ದ ಒಂದೇ ಇರಬೇಕು. ತಲೆಯ ಮೇಲಿನ ಅಂಕಿಯೂ ಅಷ್ಟೇ. 8.8 ಎಂದಿದ್ದರೆ ಮೊದಲ 8 ಎಂದರೆ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಾಳುತ್ತದೆಂದು. ಎರಡನೆಯ 8 ಎಂದರೆ ಅದರ ಹತ್ತರಲ್ಲಿ ಎಂಟು ಪಾಲು ಎಳೆದಾಗ ಮರಳಿ ಬಾರದಂತೆ ಹಿಗ್ಗತೊಡಗುತ್ತದೆಂದು.

ತೂತನ್ನು ಒರೆಸಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಮೊದಲ ಕೆಲವು ಸುತ್ತನ್ನು ಬೆರಳಿನಿಂದಲೇ ಹಾಕಿದರು. ಮೆಕ್ಯಾನಿಕ್ ಕೊಟ್ಟಿದ್ದ, ತುಕ್ಕು ತಡೆಯುವ ಗ್ರೀಸನ್ನು ಥ್ರೆಡ್‌ಗೆ ತೆಳುವಾಗಿ ಸವರಿದ್ದರು. ಜಿಡ್ಡಿದ್ದಾಗ ಘರ್ಷಣೆ ಕಡಿಮೆಯಾಗಿ ಅದೇ ಎಳೆತಕ್ಕೆ ಬಿಗಿತ ಹೆಚ್ಚುತ್ತದೆಯಾದ್ದರಿಂದ ಕೈ ಸ್ವಲ್ಪ ಹಗುರವಾಗಿರಬೇಕು. ಮೆಕ್ಯಾನಿಕ್‌ನ ಟಾರ್ಕ್ ರೆಂಚ್ ಒಂದು ಸಂಜೆಯ ಮಟ್ಟಿಗೆ ಎರವಲು ಬಂದಿತ್ತು. ಎರಡೂ ಬೋಲ್ಟನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಸಿದಳು. ಕೂಲೆಂಟ್ ತುಂಬಿ ಎಂಜಿನ್ ಚಾಲು ಮಾಡಿ ಕಾಲು ಗಂಟೆ ಕಾದರು. ಕೆಳಗೆ ಹಾಸಿದ್ದ ಹಳೆಯ ಪೇಪರು ಒಣಗಿಯೇ ಇತ್ತು.

ಮುಂದಿನ ತಿಂಗಳ ತಪಾಸಣೆಗೆ ಕಾರು ಸಿದ್ಧವಿದೆ ಎಂದು ಹೇಳಲು ಮಗಳು ಜಗಲಿಗೆ ಓಡಿದಳು. ಅಜ್ಜಿ ತಮಗೆ ಬಸ್ಸೇ ಸಾಕು ಎಂದರು. ಆ ದಿನ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತಂತೆ.